ಪೆಡಲ್ ಒತ್ತುವವನು

ಅಂಗಡಿಯವನು ಒಂದು ಸಲವೂ ಗುಬ್ಬಿಯ ಮುಖ ನೋಡಿ ಮಾತಾಡಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದವಳು ಅವಳು, ಮೆಷೀನು ಕೊಳ್ಳುವವಳು ಅವಳು, ಮೂರು ತಿಂಗಳ ರಜೆಯ ದಿನಗಳನ್ನೆಲ್ಲ ತರಬೇತಿ ಶೆಡ್ಡಿನ ಹೊಗೆಗೆ ಸುರಿದು ಕೆಲಸ ಕಲಿತವಳೂ ಅವಳೇ. ಆದರೂ ಉತ್ತರಗಳೆಲ್ಲ ಅವಳ ತಲೆಯ ಮೇಲಿಂದ ಹಾರಿ, ಪಕ್ಕದಲ್ಲಿ ಕೈಚೀಲ ಅವಚಿಕೊಂಡು ನಿಂತಿದ್ದ ಅವಳ ದೊಡ್ಡಪ್ಪನ ಹತ್ತಿರ ಬಂದು ನಿಲ್ಲುತ್ತಿದ್ದವು. ಪ್ರತಿಯೊಂದಕ್ಕೂ ತಲೆಯಾಡಿಸಿ ಅವನ ಕತ್ತು ನೋಯತೊಡಗಿತ್ತು. ಬೆಳಿಗ್ಗೆ ಅವಳು ಫೋನು ಮಾಡಿ, "ದೊಡ್ಡಪ್ಪ, ಟಿಗ್ ವೆಲ್ಡಿಂಗ್ ಮೆಷೀನ್ ತಗೊಳ್ತಾ ಇದ್ದೀನಿ, ಅಪ್ಪನ ದೋಣಿ ನಾನೇ ಮುಗಿಸ್ತೀನಿ. ನೀವೂ ಬನ್ನಿ, ಅಪ್ಪನ ಕೆಲಸ ಹತ್ತಿರದಿಂದ ನೋಡಿರೋರು ನೀವೊಬ್ರೇ" ಎಂದಾಗ ಜ್ವರ ಎನ್ನಬಹುದಿತ್ತು. ಮದುವೆ ಮನೆಯವರ ಬಟ್ಟೆ ಹೊಲಿಯುವುದು ಬಾಕಿ ಇದೆ ಎನ್ನಬಹುದಿತ್ತು. ಬರ್ತೀನಿ ಎಂದಿದ್ದ. ತಮ್ಮ ಸತ್ತು ಒಂದು ವರ್ಷ ಎರಡು ತಿಂಗಳಾಯಿತು. ಆ ಮನೆಯವರು ಏನು ಕೇಳಿದರೂ ಇಲ್ಲ ಎನ್ನುವ ಧೈರ್ಯ ಅವನಿಗೆ ಬಂದಿರಲಿಲ್ಲ.

"ಅಲ್ಯೂಮಿನಿಯಂಗೆ ಎ.ಸಿ. ಕರೆಂಟೇ ಬೇಕು ಸರ್," ಎನ್ನುತ್ತಿದ್ದ ಅಂಗಡಿಯವನು. ಅವನ ಎಡಹುಬ್ಬು ಯಾವಾಗಲೋ ಅರ್ಧ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ, ಆದ್ದರಿಂದ ಅವನು ಏನು ಹೇಳಿದರೂ ಮುಖದ ಅರ್ಧ ಭಾಗ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. "ಬರೀ ಡಿ.ಸಿ. ಇರೋದನ್ನ ಅಗ್ಗ ಅಂತ ಹೊತ್ಕೊಂಡು ಹೋಗ್ತಾರೆ, ಆಮೇಲೆ ಬಂದು ನನ್ನ ತಲೆ ತಿಂತಾರೆ. ಅಲ್ಯೂಮಿನಿಯಂ ಮೈಮೇಲೆ ಒಂದು ಪೊರೆ ಇರುತ್ತೆ ನೋಡಿ, ಒಳಗಿನ ಲೋಹ ಕರಗಿ ನೀರಾದ್ರೂ ಆ ಪೊರೆ ಜಗ್ಗಲ್ಲ. ಅದನ್ನ ಕಿತ್ತು ಹಾಕೋದು ಎ.ಸಿ.ನೇ."

"ದೋಣಿ ತಗಡಿನ ದಪ್ಪ ತಳದಲ್ಲಿ ನಾಲ್ಕು ಮಿಲಿ, ಪಕ್ಕದಲ್ಲಿ ಮೂರು," ಎಂದಳು ಗುಬ್ಬಿ.

"ನಾಲ್ಕು ಮಿಲಿ ಅಂದ್ರೆ ಇನ್ನೂರು ಆಂಪ್‌ದು ಇಟ್ಕೊಳ್ಳಿ ಸರ್," ಎಂದ ಅವನು ದೊಡ್ಡಪ್ಪನಿಗೆ. "ನೂರೈವತ್ತರಲ್ಲೂ ಕೆಲಸ ಆಗುತ್ತೆ. ಆದ್ರೆ ಉಸಿರು ಕಟ್ಟೋ ಹಾಗೆ ದುಡಿಸಬಾರದು ನೋಡಿ. ಮನೆ ಬಳಕೆ ಮೆಷೀನ್ ಇವು. ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಕೆಲಸ, ಆರು ನಿಮಿಷ ವಿಶ್ರಾಂತಿ. ಸರ್ಕಾರಿ ನೌಕರಿ ಇದ್ದ ಹಾಗೆ. ನೀವು ಎಷ್ಟು ವರ್ಷದಿಂದ ವೆಲ್ಡಿಂಗ್ ಮಾಡ್ತಿದ್ದೀರಾ?"

"ನಾನು ದರ್ಜಿ," ಎಂದ ಅವನು.

ಅಂಗಡಿಯವನು ಮನಸಾರೆ ನಕ್ಕ. "ಹಾಗಾದ್ರೆ ತಗಡಿಗೆ ಸೂಜಿ ದಾರ ಕೊಡ್ಲಾ ಸರ್?" ಮೂಲೆಯಲ್ಲಿ ಸಿಲಿಂಡರ್ ಉರುಳಿಸುತ್ತಿದ್ದ ಕೆಲಸದವನೂ ನಕ್ಕ. ನಲವತ್ತು ವರ್ಷ ಊರಿನವರ ಸೊಂಟದ ಸುತ್ತಳತೆ ಬರೆದುಕೊಂಡವನಿಗೆ ಈ ನಗು ಹೊಸದೇನಲ್ಲ, ಆದರೂ ಕಿವಿ ಬಿಸಿಯಾಯಿತು. ಗುಬ್ಬಿ ಮಾತ್ರ ನಗದೆ, "ವೆಲ್ಡಿಂಗ್ ಮಾಡೋದು ನಾನು. ನಮ್ಮ ದೊಡ್ಡಪ್ಪ ಪೆಡಲ್ ಒತ್ತೋರು. ಅವರ ಕಾಲಿನಂಥ ಕಾಲು ಬೇರೆ ಸಿಗಲ್ಲ ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ರು" ಎಂದಳು. ಅದನ್ನು ಹೊಗಳಿಕೆಯೆಂದೇ ಹೇಳಿದಳು. ಅವನು ಕೌಂಟರಿನ ಗಾಜಿನ ಮೇಲಿದ್ದ ಹೊಸ ಪೆಡಲಿನ ಕಡೆ ನೋಡದಿರಲು ಗೋಡೆಯ ಮೇಲಿನ ಕೈಗವಸುಗಳನ್ನು ಎಣಿಸತೊಡಗಿದ.

ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆರು ದಿನ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ, ಏಳನೆಯ ದಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಅಲ್ಯೂಮಿನಿಯಂ ದೋಣಿ ಮಾಡುತ್ತಿದ್ದ. ಎರಡು ಪುಟ್ಟ ದೋಣಿಗಳನ್ನು ಮಾಡಿ ನದಿಯ ಆಚೆಯವರಿಗೆ ಕೊಟ್ಟಿದ್ದ. ಮೂರನೆಯದು ದೊಡ್ಡದು, ತನಗೇ ಎಂದು ಹಿಡಿದದ್ದು. ಅದರ ಮೂತಿಯ ಕಡೆ ಒಂದು ಮುಚ್ಚಿದ ಗೂಡು. ಮೇಲುಗಡೆ ಒಬ್ಬ ಮನುಷ್ಯ ನುಸುಳುವಷ್ಟು ಬಾಯಿ, ಕೆಳಗೆ ಬಾವಿಯ ಹಾಗೆ ಆಳ. ಒಳಗಿನ ಬೆಸುಗೆ ಹಾಕಬೇಕಾದರೆ ಅಲ್ಲಿ ಇಳಿದು ಮಗ್ಗುಲಾಗಿ ಮಲಗಬೇಕು, ಒಂದು ಕೈಯಲ್ಲಿ ಬೆಸೆಯುವ ಕಿಡಿ ಹೊಮ್ಮಿಸುವ ಟಾರ್ಚು, ಇನ್ನೊಂದು ಕೈಯಲ್ಲಿ ಕರಗಿಸುವ ಕಡ್ಡಿ. ಕರೆಂಟು ಹೆಚ್ಚು ಕಡಿಮೆ ಮಾಡುವ ಪೆಡಲು ಒತ್ತಲು ಕಾಲಿಗೆ ಜಾಗವೇ ಇಲ್ಲ. ಆಗ ಅಣ್ಣ ಬೇಕು. ಹೊರಗೆ ಮಣೆಯ ಮೇಲೆ ಕೂತು, ಒಳಗಿನ ಧ್ವನಿ "ಒತ್ತು" ಎಂದರೆ ಒತ್ತಬೇಕು, "ಸ್ವಲ್ಪ ಬಿಡು" ಎಂದರೆ ಬೆರಳಿನಷ್ಟು ಬಿಡಬೇಕು. ಬೇರೆ ಯಾರ ಕಾಲನ್ನಿಟ್ಟರೂ ತಗಡು ತೂತಾಗುತ್ತಿತ್ತು. ಹೊಲಿಗೆ ಯಂತ್ರದ ಮೇಲೆ ಪಳಗಿದ ಅಣ್ಣನ ಪಾದಕ್ಕೆ ಅದು ಮೊದಲ ದಿನವೇ ಒಲಿಯಿತು. ಅಂದು ತಮ್ಮ ಹೊರಗೆ ಬಂದು ಮುಖದ ಹೆಲ್ಮೆಟ್ ಎತ್ತಿ, ಸಾಲಾಗಿ ಮಲಗಿದ ನಾಣ್ಯಗಳಂಥ ಬೆಸುಗೆಯನ್ನು ತೋರಿಸಿ, "ಇದು ನಂದಲ್ಲ ಅಣ್ಣ, ನಿನ್ನ ಕಾಲಿಂದು" ಎಂದಿದ್ದ. ಚಿಕ್ಕಂದಿನಿಂದ ಎಲ್ಲದರಲ್ಲೂ ಮುಂದಿದ್ದ ತಮ್ಮ ಹಾಗೆಂದದ್ದಕ್ಕೆ ಅವನಿಗೆ ಒಳಗೊಳಗೇ ಎಷ್ಟು ಹಿಗ್ಗಾಯಿತೆಂದರೆ, ಮುಂದಿನ ಮೂರು ವರ್ಷ ಒಂದು ಭಾನುವಾರವನ್ನೂ ಅವನು ತಪ್ಪಿಸಲಿಲ್ಲ.

"ದೊಡ್ಡಪ್ಪ, ಇಲ್ಲಿ ನೋಡಿ!" ಗುಬ್ಬಿ ಅಂಗಡಿಯ ಹಿಂಭಾಗದಿಂದ ಕರೆದಳು. ಅವಳು ಕೈಯಿಟ್ಟು ನಿಂತಿದ್ದುದು ಸೊಂಟದೆತ್ತರದ ಹಳೆಯ ಟ್ರಾನ್ಸ್‌ಫಾರ್ಮರ್ ಮೆಷೀನಿನ ಮೇಲೆ. ಬೂದು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. "ಅಪ್ಪನ ಮೆಷೀನ್ ಥರಾನೇ ಇದೆ ಅಲ್ವಾ? ಇದನ್ನೇ ತಗೊಂಡ್ರೆ ಹೇಗೆ?"

ಹಾಗೆಯೇ ಇತ್ತು. ಟಾರ್ಚಿನ ಹಿಡಿಯ ಮೇಲೆ, ಬೆಸುಗೆಗೆ ಗಾಳಿ ತಾಗದಂತೆ ಸುರಿಯುವ ಗ್ಯಾಸನ್ನು ಬಿಟ್ಟು ಕಟ್ಟುವ ಪುಟ್ಟ ತಿರುಪು ಕೂಡ ಹಾಗೆಯೇ. ತಮ್ಮನ ಮೆಷೀನಿನಲ್ಲಿ ಗ್ಯಾಸನ್ನು ತಾನಾಗಿ ಮುಚ್ಚುವ ಭಾಗ ಸುಟ್ಟುಹೋಗಿತ್ತು. ಅವನು ಪೈಪನ್ನು ನೇರವಾಗಿ ಸೇರಿಸಿ, ಕೈಯಿಂದಲೇ ಬಿಟ್ಟು ಕೈಯಿಂದಲೇ ಕಟ್ಟುತ್ತಿದ್ದ. ಕಟ್ಟುವವರೆಗೂ ಅದು ಸುಯ್ ಎನ್ನುತ್ತಲೇ ಇರುತ್ತಿತ್ತು. ಆ ಮೆಷೀನನ್ನು ಹದಿಮೂರನೆಯ ದಿನ ಕಳೆಯುವ ಮೊದಲೇ ಗುಜರಿಗೆ ಹಾಕಿಸಿದವನು ಇವನೇ. ಮನೆಯಲ್ಲಿದ್ದರೆ ಹೆಂಗಸರು ನೋಡಿ ನೋಡಿ ಅಳುತ್ತಾರೆ ಎಂದು ಕಾರಣ ಹೇಳಿದ್ದ. ಎಷ್ಟು ತಿಳಿವಳಿಕೆ ಇವರಿಗೆ ಎಂದು ನೆಂಟರು ಹೊಗಳಿದ್ದರು.

"ಬೇಡ," ಎಂದ ಅವನು. ಧ್ವನಿ ಅಗತ್ಯಕ್ಕಿಂತ ಜೋರಾಯಿತು. "ಅದು ಬೇಡಮ್ಮ. ಗ್ಯಾಸು ತಾನಾಗೇ ನಿಲ್ಲೋ ಮೆಷೀನೇ ತಗೋ. ಹೊಸದು."

"ಅಪ್ಪ ಇದೇ ಥರದ್ರಲ್ಲಿ ಮಾಡ್ತಿದ್ರಲ್ಲ?"

"ಅಪ್ಪನಿಗೆ ಬೇರೆ ಗತಿ ಇರ್ಲಿಲ್ಲ. ನಿನಗೇನು?"

"ಸರ್ ಸರಿಯಾಗೇ ಹೇಳಿದ್ರು," ಎಂದು ಅಂಗಡಿಯವನು ಮೊದಲ ಸಲ ದರ್ಜಿಯನ್ನು ಗೌರವದಿಂದ ನೋಡಿದ. "ಆ ಗುಡಾಣ ತಗೊಂಡೋದ್ರೆ ನಿಮ್ಮ ಮನೆ ಮೀಟರ್ ಹಾರಿಹೋಗುತ್ತೆ. ಇದು ನೋಡಿ, ಹತ್ತೊಂಬತ್ತು ಕೆಜಿ, ಮಾಮೂಲಿ ಲೈನಲ್ಲೇ ಓಡುತ್ತೆ. ಎ.ಸಿ., ಡಿ.ಸಿ. ಎರಡೂ ಇದೆ. ಪೆಡಲ್ ಬಿಟ್ಟ ಮೇಲೆ ಎಂಟು ಹತ್ತು ಸೆಕೆಂಡು ಗ್ಯಾಸ್ ಬಂದು ತಾನೇ ನಿಲ್ಲುತ್ತೆ." ಗುಬ್ಬಿ ಹಳೆಯ ಮೆಷೀನಿನ ಮೇಲಿಂದ ಕೈ ತೆಗೆದಳು. ಕೈ ತೆಗೆಯುವ ಮೊದಲು ಅದನ್ನು ಒಮ್ಮೆ ಸವರಿದಳು. "ಆಯ್ತು ದೊಡ್ಡಪ್ಪ, ನೀವು ಹೇಳಿದ್ದೇ ತಗೊಳ್ತೀನಿ" ಎಂದಳು. ಇಷ್ಟೇ ಸಾಕು, ಯಾರಿಗೂ ಏನೂ ಹೇಳಬೇಕಾಗಿಲ್ಲ, ಒಳ್ಳೆಯ ಮೆಷೀನು ಆರಿಸಿಕೊಟ್ಟರೆ ಮುಗಿಯಿತು ಎಂದುಕೊಂಡ. ಆ ಸಮಾಧಾನದ ಹಿಂದೆಯೇ ತನ್ನ ಬಗ್ಗೆ ಹೇಸಿಗೆಯೂ ಬಂತು, ಅದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಆ ಕೊನೆಯ ಭಾನುವಾರ ಅಣ್ಣತಮ್ಮಂದಿರ ಜಗಳ ನಡೆದದ್ದು ಒಂದು ಬ್ರಷ್ಷಿಗೆ. ಅಲ್ಯೂಮಿನಿಯಂ ಉಜ್ಜಲೆಂದೇ ತಮ್ಮ ಒಂದು ತಂತಿಯ ಬ್ರಷ್ಷನ್ನು ಬೇರೆ ಇಟ್ಟಿದ್ದ. ಅದು ಕಬ್ಬಿಣ ಮುಟ್ಟಿದರೆ ಕೆಟ್ಟಿತು, ಬೆಸುಗೆಯೆಲ್ಲ ಕಪ್ಪಾಗಿ ಗುಳ್ಳೆಯೇಳುತ್ತದೆ. ಅಂದು ತಮ್ಮ ಇನ್ನೂ ತಿಂಡಿ ತಿನ್ನುತ್ತಿದ್ದಾಗ, ಸುಮ್ಮನೆ ಕೂರಲಾಗದೆ ಇವನು ಅದೇ ಬ್ರಷ್ಷಿನಿಂದ ಶೆಡ್ಡಿನ ಬಾಗಿಲ ತುಕ್ಕು ಉಜ್ಜಿದ. ಉಪಕಾರವೆಂದೇ ಉಜ್ಜಿದ. ಅರ್ಧ ಗಂಟೆಯ ಮೇಲೆ ಬೆಸುಗೆ ಮಸಿ ಬಳಿದ ಹಾಗೆ ಬಂತು. ಮೊದಲು ಗಾಳಿಯ ತಪ್ಪು ಎಂದುಕೊಂಡರು, ಯಾಕೆಂದರೆ ಗಾಳಿ ಬೀಸಿದರೆ ಬೆಸುಗೆ ಕಾಯುವ ಗ್ಯಾಸು ಚದುರಿಹೋಗುತ್ತದೆ. ಗೂಡಿನ ಬಾಯಿಗೆ ಟಾರ್ಪಾಲು ಕಟ್ಟು ಎಂದ ತಮ್ಮ. ಇವನು ಕಟ್ಟಿದ, ದರ್ಜಿಯ ಕೈ, ಒಂದು ಬೆರಳೂ ಸಂದು ಬಿಡದ ಹಾಗೆ ಕಟ್ಟಿದ. ಆದರೂ ಮಸಿ. ಆಮೇಲೆ ತಮ್ಮ ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡಿದ, ತುಕ್ಕಿನ ಕೆಂಪು ಕಂಡಿತು. ಅವನು ಸಿಟ್ಟಿನ ಮನುಷ್ಯನಲ್ಲ. ಅಂದು ಮಾತ್ರ, ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದಂತೆ, "ಕಾಲು ಒತ್ತು ಅಂದ್ರೆ ಕಾಲು ಒತ್ತಬೇಕು ಅಣ್ಣ, ಕೈ ಯಾಕೆ ಹಾಕ್ತೀಯಾ? ನಿನ್ನ ಕೈಗೆ ಸಿಕ್ಕಿದ್ದು ಯಾವುದು ಉದ್ಧಾರ ಆಗಿದೆ?" ಎಂದುಬಿಟ್ಟ. ಇವನ ಅಂಗಡಿ ಎರಡು ಸಲ ಮುಚ್ಚಿ ತೆರೆದದ್ದು, ಹೆಂಡತಿ ತವರಿಗೆ ಹೋಗಿ ಮರಳದಿದ್ದದ್ದು ಎಲ್ಲ ಆ ಒಂದು ಮಾತಿನಲ್ಲಿತ್ತು, ಅಥವಾ ಇದೆಯೆಂದು ಇವನಿಗೆ ಕೇಳಿಸಿತು. ಪಕ್ಕದ ಮನೆಯ ಹೆಂಗಸು ಕೇಳಿಸದವಳ ಹಾಗೆ ಬೇಕೆಂದೇ ಒಂದು ದುಪ್ಪಟಿಯನ್ನು ಜೋರಾಗಿ ಕೊಡವಿದಳು.

ಅಣ್ಣತಮ್ಮಂದಿರು ಜಗಳವಾಡಿದರೆ ಬೈದಾಡುವ ಪೈಕಿಯಲ್ಲ, ಮಾತು ಬಿಡುವ ಪೈಕಿ. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ನಾಲ್ಕು ದಿನ ಮಲಗಿದ್ದುಂಟು. ಕೆಲಸ ಮಾತ್ರ ನಿಲ್ಲಿಸುತ್ತಿರಲಿಲ್ಲ. ಶೆಡ್ಡಿನಲ್ಲಿ ಅದಕ್ಕೂ ಒಂದು ವ್ಯವಸ್ಥೆ ಆಗಿತ್ತು: ಮಾತು ಬಿಟ್ಟ ದಿನ ತಮ್ಮ ಒಳಗಿನಿಂದ ಕಡ್ಡಿಯಲ್ಲಿ ತಗಡಿಗೆ ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದರೆ ಒತ್ತು, ಎರಡು ಸಲ ಕುಟ್ಟಿದರೆ ಬಿಡು. ಗುಬ್ಬಿಯ ಅಮ್ಮ ಕಾಫಿ ತಂದು ಇಬ್ಬರ ಮುಖವನ್ನೂ ನೋಡಿ, "ಇವತ್ತು ತಂತಿ ಸಮಾಚಾರವಾ?" ಎಂದು ನಗುತ್ತಿದ್ದಳು. ಅಂದು ತಮ್ಮ ಬೇರೆ ಬ್ರಷ್ಷು ತೆಗೆದುಕೊಂಡು, ಟಾರ್ಪಾಲು ಸರಿಸಿ ಒಳಗಿಳಿದು, ಮತ್ತೆ ಎಳೆದುಕೊಂಡ. ಹೊರಗಿನಿಂದ ಅದನ್ನು ಮತ್ತೆ ಬಿಗಿಯಾಗಿ ಕಟ್ಟಿದವನು ಇವನು. ಒಂದು ಕುಟ್ಟು, ಒತ್ತಿದ. ಎರಡು ಕುಟ್ಟು, ಬಿಟ್ಟ. ಹೀಗೆ ಐದಾರು ಸಲ. ಆಮೇಲೆ ಏನೂ ಇಲ್ಲ.

"ಇನ್ನೊಂದು ವಿಷಯ ಹೇಳಿ," ಗುಬ್ಬಿ ಅಂಗಡಿಯವನನ್ನು ಕೇಳುತ್ತಿದ್ದಳು. ಅವಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಬೆರಳುಗಳು ಒಂದಿಷ್ಟೂ ನಡುಗುವುದಿಲ್ಲ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಂದಿದ್ದಳು. "ಗ್ಯಾಸ್ ಎಷ್ಟು ಇಟ್ಟುಕೊಳ್ಳಬೇಕು? ನಮ್ಮ ಶೆಡ್ಡಲ್ಲಿ ಗಾಳಿ ಜಾಸ್ತಿ."

"ಗಾಳಿ ಇದ್ರೆ ಗ್ಯಾಸ್ ಸ್ವಲ್ಪ ಜಾಸ್ತಿ ಮಾಡ್ಕೋಬೇಕು. ಇಲ್ಲಾಂದ್ರೆ ಗಾಳಿಗೆ ಏನಾದ್ರೂ ಅಡ್ಡ ಕಟ್ಕೋಬೇಕು."

"ಅದು ಸರಿ. ಬಾಕಿ ಇರೋದು ಮುಂದಿನ ಗೂಡಿನ ಒಳಗಿನ ಬೆಸುಗೆ ಮಾತ್ರ. ನಾನು ಒಳಗೆ ಇಳಿದ ಮೇಲೆ ದೊಡ್ಡಪ್ಪ ಟಾರ್ಪಾಲು ಕಟ್ತಾರೆ, ಅಪ್ಪನಿಗೆ ಕಟ್ಟಿಕೊಡ್ತಿದ್ದ ಹಾಗೆ. ಆಗ ಗಾಳಿ ಬರಲ್ಲ. ಅಲ್ವಾ ದೊಡ್ಡಪ್ಪ?"

ಅಂಗಡಿಯವನು ಅಷ್ಟರಲ್ಲಿ ಫೋನು ಬಂದು ಆಚೆ ತಿರುಗಿದ್ದ. ಒಳ್ಳೆಯ ಮೆಷೀನು ಕೊಡಿಸಿದರೆ ಮುಗಿಯಿತು ಎಂದುಕೊಂಡದ್ದು ಎಷ್ಟು ಸುಳ್ಳು ಎಂದು ದೊಡ್ಡಪ್ಪನಿಗೆ ನಿಂತಲ್ಲೇ ತಿಳಿಯಿತು. ಗ್ಯಾಸು ತಾನಾಗಿ ನಿಲ್ಲಲಿ, ನಿಲ್ಲದಿರಲಿ, ಬೆಸೆಯುತ್ತಿರುವಷ್ಟು ಹೊತ್ತೂ ಅದು ಆ ಗೂಡಿನೊಳಗೆ ಸುರಿಯುತ್ತಲೇ ಇರುತ್ತದೆ, ತಳದಿಂದ ಮೇಲಕ್ಕೆ ತುಂಬುತ್ತಲೇ ಇರುತ್ತದೆ, ಅಲ್ಲಿ ಈ ಹುಡುಗಿ ಮಗ್ಗುಲಾಗಿ ಮಲಗಿರುತ್ತಾಳೆ. ಗಾಳಿ ಬೇಡ ಎಂದು ಅವಳೇ ಕೇಳಿಕೊಂಡು ಮುಚ್ಚಿಸಿಕೊಳ್ಳುತ್ತಾಳೆ.

"ಗುಬ್ಬಿ, ಸ್ವಲ್ಪ ಹೊರಗೆ ಬಾ," ಎಂದ.

ಅಂಗಡಿಯ ಹೊರಗೆ, ಖಾಲಿ ಸಿಲಿಂಡರುಗಳನ್ನು ಸರಪಳಿ ಹಾಕಿ ನಿಲ್ಲಿಸಿದ್ದ ಕಡೆ ಒಂದು ಸಿಮೆಂಟು ಕಟ್ಟೆಯಿತ್ತು. ಬಿಸಿಲಿಗೆ ಅದು ಕಾದಿತ್ತು, ಅವನು ಕೂತ, ಅವಳು ಕೂರಲಿಲ್ಲ. ರಸ್ತೆಯಲ್ಲಿ ಸಿಟಿ ಬಸ್ಸುಗಳು, ಎದುರಿನ ಕಟ್ಟಡಕ್ಕೆ ಬಣ್ಣ ಬಳಿಯುವವರು, ಎಲ್ಲರೂ ತಮ್ಮ ಪಾಡಿಗೆ ತಾವು. ಎಲ್ಲಿಂದ ಶುರು ಮಾಡಬೇಕೆಂದು ಅವನು ಒಂದು ವರ್ಷದಿಂದ ಯೋಚಿಸಿದ್ದ. ಮಾತುಗಳೆಲ್ಲ ಸಿದ್ಧವಿದ್ದವು, ಎಲ್ಲದರಲ್ಲೂ ಅವನ ತಪ್ಪು ಸ್ವಲ್ಪ ಸ್ವಲ್ಪ ಕಡಿಮೆಯಾಗಿತ್ತು. ಬಾಯಿಂದ ಬಂದದ್ದು ಅವ್ಯಾವುವೂ ಅಲ್ಲ.

"ನಿಮ್ಮಪ್ಪ ಹಾರ್ಟಿನಿಂದ ಹೋಗಿದ್ದಲ್ಲ," ಎಂದ.

ಅವಳು ಅವನ ಕಡೆ ತಿರುಗಿದಳು.

"ಗ್ಯಾಸಿನಿಂದ. ಟಾರ್ಚಿನ ತಿರುಪು ಬಿಟ್ಟೇ ಇತ್ತು. ಟಾರ್ಪಾಲು ನಾನೇ ಕಟ್ಟಿದ್ದೆ. ಆ ಗ್ಯಾಸು ಗಾಳಿಗಿಂತ ಭಾರ ಅಂತೆ, ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತಂತೆ. ವಾಸನೆ ಇಲ್ಲ, ಕೆಮ್ಮು ಬರಲ್ಲ. ಗೊತ್ತೇ ಆಗದ ಹಾಗೆ ನಿದ್ದೆ ಬರುತ್ತೆ. ಒಂದು ವಾರ ಬಿಟ್ಟು ಸಿಲಿಂಡರ್ ವಾಪಸ್ ಕೊಡೋಕೆ ಹೋದಾಗ ಅಲ್ಲಿಯವನು ಹೇಳಿದ. ಅವತ್ತೇ ನಂಗೆ ಅರ್ಥ ಆಯ್ತು. ಅಲ್ಲಿವರೆಗೆ ನಾನೂ ಹಾರ್ಟ್ ಅಂತಾನೇ ನಂಬಿದ್ದೆ. ದೇವರಾಣೆ ನಂಬಿದ್ದೆ."

"ನೀವು ಹೊರಗೇ ಇದ್ರಲ್ಲ," ಎಂದಳು ಗುಬ್ಬಿ.

"ಇದ್ದೆ."

"ಕರೀಲಿಲ್ವಾ?"

ಕರೆಯಲಿಲ್ಲ. ಕುಟ್ಟುವುದು ನಿಂತ ಮೇಲೆ ಅವನು ಮಣೆಯ ಮೇಲೆ ಕೂತೇ ಇದ್ದ. ಬೇಕೆಂದೇ ಸುಮ್ಮನಿದ್ದಾನೆ, ನಾನೇ ಮೊದಲು ಮಾತಾಡಲಿ ಅಂತ ಕಾಯುತ್ತಿದ್ದಾನೆ ಎಂದುಕೊಂಡ. ಯಾವಾಗಲೂ ಮೊದಲು ಮಾತಾಡುವವನು ತಾನೇ ಎಂಬುದು ನೆನಪಾಯಿತು, ಹಾಸಿಗೆಯ ಕಾಲದಿಂದಲೂ ತಾನೇ ಸೋತು, "ಲೋ, ನಿದ್ದೆ ಬಂತೇನೋ?" ಎಂದು ಕೇಳಿದ್ದು ನೆನಪಾಯಿತು. ಇವತ್ತು ಸಾಧ್ಯವಿಲ್ಲ ಎಂದುಕೊಂಡ. ಪಕ್ಕದ ಮನೆಯವಳ ಎದುರು ಅಂದ ಮಾತಿಗೆ ಇವತ್ತು ಅವನೇ ಹೊರಗೆ ಬಂದು, ಅಣ್ಣ ತಪ್ಪಾಯ್ತು ಅನ್ನಬೇಕು. ಗುಬ್ಬಿಯ ಅಮ್ಮ ಇಟ್ಟುಹೋಗಿದ್ದ ಕಾಫಿ ತಣ್ಣಗಾಯಿತು, ತನ್ನದನ್ನು ಕುಡಿದ. ತಮ್ಮನ ಲೋಟಕ್ಕೆ ತಟ್ಟೆ ಮುಚ್ಚುವ ಅಂತಃಕರಣವನ್ನೂ ತೋರಿಸಲಿಲ್ಲ, ನೊಣ ಬಿದ್ದರೆ ಬೀಳಲಿ ಎಂದುಕೊಂಡ. ಕಾಲು ಪೆಡಲಿನ ಮೇಲೆಯೇ ಇತ್ತು. ಒಳಗಿನಿಂದ ಸುಯ್ ಎನ್ನುವ ಸದ್ದು ಕೇಳುತ್ತಲೇ ಇತ್ತು. ಗ್ಯಾಸು ದಂಡ ಮಾಡುತ್ತಿದ್ದಾನೆ, ಮಾಡಿಕೊಳ್ಳಲಿ, ಅವನದೇ ದುಡ್ಡು. ಹಾಗೂ ಅಂದುಕೊಂಡ. ಅಷ್ಟೂ ಹೊತ್ತು ಅವನ ಮನಸ್ಸಿನಲ್ಲಿ ತಾನು ಗೆಲ್ಲುತ್ತಿದ್ದೇನೆ ಎನ್ನುವ ಒಂದು ಸಣ್ಣ ಸುಖವಿತ್ತು. ಅದನ್ನು ಅವನು ಈವರೆಗೆ ತನಗೂ ಒಪ್ಪಿಕೊಂಡಿರಲಿಲ್ಲ.

"ಜಗಳ ಆಡಿದ್ವಿ," ಎಂದ. "ಮಾತು ಬಿಟ್ಟಿದ್ವಿ. ಅವನೇ ಮೊದಲು ಮಾತಾಡ್ಲಿ ಅಂತ ಕೂತಿದ್ದೆ."

"ಎಷ್ಟು ಹೊತ್ತು?"

ಹತ್ತು ನಿಮಿಷ ಎಂದು ಎಲ್ಲರಿಗೂ ಹೇಳಿದ್ದ. ಡಾಕ್ಟರಿಗೂ ಹತ್ತು ನಿಮಿಷವೇ. ಈಗಲೂ ನಾಲಿಗೆಯ ತುದಿಗೆ ಬಂದದ್ದು ಅದೇ. "ಐವತ್ತು ನಿಮಿಷ," ಎಂದ.

ಗುಬ್ಬಿ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. ಕೈಯಲ್ಲಿದ್ದ ಪ್ರಶ್ನೆಗಳ ಚೀಟಿಯನ್ನು ಮಡಿಚಿದಳು, ಮತ್ತೆ ಮಡಿಚಿದಳು, ಇನ್ನು ಮಡಿಚಲಾಗದಷ್ಟು ಚಿಕ್ಕದಾಗುವವರೆಗೆ.

"ಇನ್ನೊಂದಿದೆ," ಎಂದ ಅವನು. ಇಷ್ಟು ಹೇಳಿದ ಮೇಲೆ ಉಳಿಸಿಕೊಳ್ಳುವುದು ಏನೂ ಇರಲಿಲ್ಲ. "ಟಾರ್ಪಾಲು ಬಿಚ್ಚಿ ಕೈ ಹಾಕಿದೆ ನೋಡು, ಅವನನ್ನ ಮುಟ್ಟೋಕೆ ಮೊದಲು ನನ್ನ ಕೈ ಹೋಗಿದ್ದು ತಿರುಪಿಗೆ. ಗ್ಯಾಸು ಕಟ್ಟಿದೆ. ಆಮೇಲೆ ಅವನ ಭುಜ ಅಲುಗಾಡಿಸಿದೆ. ದಂಡ ಆಗ್ತಾ ಇದೆಯಲ್ಲ ಅಂತ, ಅಭ್ಯಾಸಬಲ. ಅದಕ್ಕೇ ಬಂದವರು ಯಾರಿಗೂ ಗ್ಯಾಸಿನ ಅನುಮಾನ ಬರ್ಲಿಲ್ಲ. ಬಿ.ಪಿ. ಮಾತ್ರೆ ತಗೊಳ್ತಿದ್ದ, ಹಿಂದಿನ ದಿನ ಎದೆ ಉರಿ ಅಂದಿದ್ದ ಅಂತ ನಿಮ್ಮಮ್ಮ ಹೇಳಿದ್ಳು, ಡಾಕ್ಟ್ರು ಹಾರ್ಟ್ ಅಂತ ಬರೆದ್ರು. ನಿಜ ಗೊತ್ತಾದ ಮೇಲೆ ಹೇಳಬೇಕಿತ್ತು. ಧೈರ್ಯ ಆಗ್ಲಿಲ್ಲ. ನಿಮ್ಮ ಮನೆಗೆ ಬರೋದು ತಪ್ಪಿಹೋಗುತ್ತೆ ಅಂತ ಹೆದರಿಕೆ. ನಂಗೆ ಬೇರೆ ಯಾರಿದ್ದಾರೆ?"

ಕೊನೆಯ ಮಾತು ಹೇಳಬಾರದಿತ್ತು. ಹೇಳಿದ ಮೇಲೆ ಭಿಕ್ಷೆ ಬೇಡಿದ ಹಾಗೆ ಕೇಳಿಸಿತು. ಗುಬ್ಬಿ ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಎರಡೂ ಅವನು ಊಹಿಸಿದ್ದೇ, ಎರಡಕ್ಕೂ ಅವನು ತಯಾರಾಗಿದ್ದ. ಒಂದು ಬಗೆಯಲ್ಲಿ ಅದಕ್ಕಾಗಿ ಆಸೆಪಟ್ಟು ಕಾಯುತ್ತಿದ್ದ.

"ಅಮ್ಮ ಯಾಕೆ ಅಡಿಗೆಗೆ ಎಣ್ಣೆ ಮುಟ್ಟಲ್ಲ ಅಂತ ನಿಮಗೆ ಗೊತ್ತಾ?" ಎಂದಳು ಅವಳು.

ಅವನಿಗೆ ಅರ್ಥವಾಗಲಿಲ್ಲ.

"ಎದೆ ಉರಿ ಅಂದಿದ್ರಲ್ಲ ಅಪ್ಪ. ಮಾರನೆ ಬೆಳಿಗ್ಗೆ ತಿಂಡಿಗೆ ಕರಿದದ್ದೇ ಬೇಕು ಅಂತ ಹಟ ಮಾಡಿದ್ರಂತೆ. ಅಮ್ಮ ಮಾಡಿಕೊಟ್ಳು. ಅದನ್ನ ತಿಂದೇ ಶೆಡ್ಡಿಗೆ ಬಂದಿದ್ದು. ಡಾಕ್ಟ್ರು ಹಾರ್ಟ್ ಅಂದಾಗಿಂದ ತಾನೇ ಕೊಂದೆ ಅಂತಾಳೆ. ದಿನಾ ಅಂತಾಳೆ ದೊಡ್ಡಪ್ಪ. ಬಾಣಲೆ ಅಟ್ಟಕ್ಕೆ ಹಾಕಿದ್ದಾಳೆ. ನನ್ನನ್ನ ಎರಡು ಸಲ ಎದೆ ಪರೀಕ್ಷೆಗೆ ಎಳ್ಕೊಂಡು ಹೋಗಿದ್ಳು, ಅಪ್ಪನ ಹಾರ್ಟೇ ನಂಗೂ ಬಂದಿರುತ್ತೆ ಅಂತ."

ಅವನು ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಉಂಡಿದ್ದ. ಒಂದು ವರ್ಷ. ತಟ್ಟೆಗೆ ಬೀಳುತ್ತಿದ್ದ ಬೇಯಿಸಿದ ಸಪ್ಪೆ ತರಕಾರಿಯನ್ನು ದುಃಖದ ಮನೆಯ ಅಡಿಗೆ ಎಂದುಕೊಂಡು ನುಂಗಿದ್ದ. ಒಂದು ದಿನ ಮನೆಯಲ್ಲಿ ಸ್ವಲ್ಪ ನಗು ಬರಲಿ ಎಂದು, "ಏನಮ್ಮ, ಉಪ್ಪೂ ಇಲ್ಲ ಎಣ್ಣೆನೂ ಇಲ್ಲ, ನಾನೇನು ಆಸ್ಪತ್ರೆಲಿ ಇದ್ದೀನಾ?" ಎಂದು ತಮಾಷೆ ಮಾಡಿದ್ದ. ತಮ್ಮನ ಹೆಂಡತಿ ಸೌಟು ಹಿಡಿದವಳು ಹಾಗೆಯೇ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬಂದಿರಲಿಲ್ಲ. ಅಪರಾಧವೆಲ್ಲ ತನ್ನೊಬ್ಬನದೇ ಎಂದು ಅವನು ತಿಳಿದಿದ್ದ, ರಾತ್ರಿಯೆಲ್ಲ ಅದನ್ನು ಒಬ್ಬನೇ ಹೊತ್ತು ತಿರುಗಾಡಿದ್ದ, ಅದರಲ್ಲಿ ಸ್ವಲ್ಪ ದೊಡ್ಡಸ್ತಿಕೆಯೂ ಇತ್ತೇನೋ. ಅದೇ ಹೊತ್ತಿಗೆ, ಎರಡು ಬೀದಿ ಆಚೆ, ಏನೂ ಮಾಡದ ಒಬ್ಬ ಹೆಂಗಸು ಅದನ್ನು ಪೂರ್ತಿ ಹೊತ್ತುಕೊಂಡು ಕೂತಿದ್ದಳು. ಅವನಿಗೆ ಅಳು ಬಂತು. ಜನ ಓಡಾಡುವ ಬೀದಿಯಲ್ಲಿ, ಸಿಲಿಂಡರುಗಳ ಪಕ್ಕ, ಅರವತ್ತಮೂರು ವರ್ಷದವನು ಕೈಚೀಲದಲ್ಲಿ ಮುಖ ಹುದುಗಿಸಿ ಅತ್ತ.

ಗುಬ್ಬಿ ಅವನನ್ನು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದಳು.

"ಅಮ್ಮನಿಗೆ ಹೇಳಿ," ಎಂದಳು.

"ಹೇಳ್ತೀನಿ. ಭಾನುವಾರ ಬಂದಾಗ..."

"ಇವತ್ತು. ಈಗ."

ಅವಳು ಒಳಗೆ ಹೋಗಿ ಇನ್ನೂರು ಆಂಪಿನ ಹೊಸ ಮೆಷೀನನ್ನೇ ಹೇಳಿದಳು, ನಾಳೆ ಮನೆಗೆ ಕಳಿಸಿ ಎಂದಳು. ಮುಚ್ಚಿದ ಜಾಗದ ಒಳಗೆ ಹೊರಗಿನ ಗಾಳಿ ಊದುವ ಪೈಪಿನ ಫ್ಯಾನು ಸಿಗುತ್ತದೆಯೇ ಎಂದು ಕೇಳಿದಳು. "ಗಾಳಿ ಊದಿದ್ರೆ ಬೆಸುಗೆ ಕೆಡುತ್ತಲ್ಲಮ್ಮ," ಎಂದ ಅಂಗಡಿಯವನು, ಮೊದಲ ಸಲ ಅವಳ ಮುಖ ನೋಡಿ. "ಕೆಟ್ರೆ ಕೆರೆದು ಮತ್ತೆ ಹಾಕ್ತೀನಿ," ಎಂದಳು ಅವಳು. ಮನೆಯ ಕಡೆ ಆಟೋ ಹಿಡಿದರು. ತಿರುವಿನಲ್ಲಿ ಆಟೋ ವಾಲಿದಾಗ ಅವಳ ಭುಜ ಅವನಿಗೆ ತಾಗಿತು, ಅವಳು ಸರಿದು ಕೂತಳು.

ತಮ್ಮನ ಹೆಂಡತಿ ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. "ಬನ್ನಿ ಭಾವ, ಮೆಷೀನ್ ಸಿಕ್ತಾ?" ಎಂದು ಏಳಲು ಹೋದಳು. ಕೂತಿರಮ್ಮ ಎಂದ. ತಾನು ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಹೇಳಿದ. ಬ್ರಷ್ಷು, ಟಾರ್ಪಾಲು, ಕುಟ್ಟುವುದು ನಿಂತದ್ದು, ಐವತ್ತು ನಿಮಿಷ, ತಿರುಪು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಕಾರಣ ಕೊಡಲಿಲ್ಲ. ಅವಳ ಕೈಯಲ್ಲಿನ ಹುರುಳಿಕಾಯಿ ಅರ್ಧ ಮುರಿದು ಹಾಗೆಯೇ ಉಳಿಯಿತು.

ಅವನು ಹೇಳಿ ಮುಗಿಸಿ, ತಲೆ ತಗ್ಗಿಸಿ ಕಾದ. ಹೊರಗೆ ಹೋಗಿ ಎನ್ನಲಿ, ಶಾಪ ಹಾಕಲಿ, ಕೈಯಲ್ಲಿದ್ದದ್ದನ್ನು ಎತ್ತಿ ಮುಖಕ್ಕೆ ಎಸೆಯಲಿ.

"ಹಾಗಾದ್ರೆ ತಿಂಡಿಯಿಂದ ಅಲ್ವಾ ಭಾವ?" ಎಂದಳು ಅವಳು.

ಅವನು ತಲೆಯೆತ್ತಿ ನೋಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು; ಅಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಇನ್ನೂ ಜಾಗವಾಗಿರಲಿಲ್ಲ.

"ಅಲ್ಲಮ್ಮ."

"ನಾನು ಮಾಡಿಕೊಟ್ಟಿದ್ದರಿಂದ ಅಲ್ವಾ?"

"ಅಲ್ಲ. ನೀನಲ್ಲ. ನಾನು."

"ಇನ್ನೊಂದು ಸಲ ಹೇಳಿ ಭಾವ," ಎಂದಳು. ಹೇಳಿದ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು, ಅಳುತ್ತಲೇ ಇನ್ನೊಂದು ಸಲ ಎಂಬಂತೆ ಕೈ ಮಾಡಿದಳು. ಗುಬ್ಬಿ ಅವಳ ಪಕ್ಕ ಕೂತು ಬೆನ್ನು ಹಿಡಿದುಕೊಂಡಿದ್ದಳು. ಅವನು ಅವಳು ಕೇಳಿದಷ್ಟು ಸಲವೂ ಹೇಳಿದ.